ಹೆಗಲು ಕೊಡದ ಮೋಟ್ರು

ದನ ಮೇಯುವ ಹುಲ್ಲಿನ ಕಾವಲಿನ ತಿರುವಿನಲ್ಲಿ ಲಾರಿಯವನು ಇಳಿಸಿ ಹೋದಾಗ ಹೊತ್ತು ಮೀರಿತ್ತು. ಅಲ್ಲಿಂದ ಹಟ್ಟಿಗೆ ನಡಿಗೆಯೇ ಗತಿ. ಹನುಮಂತರಾಜು ಎಡಗಾಲು ಎಳೆದುಕೊಂಡು ಹೊರಟ. ಇವನು ಎಲ್ಲೋ ದೂರದವನಲ್ಲ, ನನ್ನ ದೊಡ್ಡಪ್ಪನ ಮಗ. ಚಳ್ಳಕೆರೆಯಲ್ಲಿ ವೈಂಡಿಂಗ್ ಅಂಗಡಿ ಇಟ್ಟಿದ್ದ. ರೈತರ ಪಂಪ್‌ಸೆಟ್ ಮೋಟ್ರು ಸುಟ್ಟರೆ ಬಿಚ್ಚಿ, ತಂತಿ ಸುತ್ತಿ, ಓಡುವ ಹಾಗೆ ಮಾಡಿಕೊಡುತ್ತಿದ್ದ. ಕೈಯೇನೋ ಬಂಗಾರ. ಬಾಯಿ ಮಾತ್ರ ಬಚ್ಚಲು. ತಾನೊಬ್ಬ ಬುದ್ಧಿವಂತ, ಮಿಕ್ಕವರೆಲ್ಲ ಕುರಿಗಳು ಅನ್ನುವ ಪೈಕಿ.

ದಾರಿಯಲ್ಲಿ ಒಂದು ಹಳೇ ಸೇದೋ ಬಾವಿ, ಅದರ ಪಕ್ಕ ಆಲದ ಮರ. ಮರದ ಬುಡದಲ್ಲಿ ಹೊಸ ಮಣ್ಣಿನ ಗುಡ್ಡೆ. ಗುಡ್ಡೆಯ ಮೇಲೆ ಅರಿಶಿನ, ಬೇವಿನ ಸೊಪ್ಪು, ಉರಿಯುತ್ತಿದ್ದ ಒಂದು ಹಣತೆ.

ಅದು ದೇವರ ಎತ್ತಿನ ಸಮಾಧಿ. ಗೊತ್ತಿಲ್ಲದವರು ಕೇಳಿಸಿಕೊಳ್ಳಿ. ನಮ್ಮ ಕಡೆ ದೇವರಿಗೆ ಬಿಟ್ಟ ಎತ್ತಿಗೆ ನೊಗ ಮುಟ್ಟಿಸುವಂತಿಲ್ಲ. ಹೊಲ ಉಳಲು ಹೂಡುವಂತಿಲ್ಲ, ಗಾಡಿ ಕಟ್ಟುವಂತಿಲ್ಲ. ಅದು ಮೇಯುತ್ತೆ, ಮಲಗುತ್ತೆ. ಸತ್ತರೆ ಮನುಷ್ಯರನ್ನು ಮಾಡಿದಂತೆ ಮಣ್ಣು ಮಾಡುತ್ತೇವೆ. ಸ್ವಲ್ಪ ದಿನದ ಹಿಂದೆ ಮೊಳಕಾಲ್ಮುರಿನ ಸೀರೆ ವ್ಯಾಪಾರಿಯೊಬ್ಬ ಅಡ್ಡದಾರಿ ಹಿಡಿದು ಕಾವಲಿನಲ್ಲಿ ಕಾರು ಓಡಿಸಿಕೊಂಡು ಬಂದಿದ್ದ. ಮಬ್ಬು ಹೊತ್ತು. ಕಾರು ಎತ್ತಿಗೆ ಗುದ್ದಿತು. ಕಾರಿನ ಮೂತಿ ಜಜ್ಜಿಹೋಯಿತು. ವ್ಯಾಪಾರಿ ಉಳಿದ, ಎತ್ತು ಉಳಿಯಲಿಲ್ಲ.

ರಾಜು ಬಾಯಿಗೆ ಬೀಡಿ ಇಟ್ಟ. ಜೇಬು ತಡಕಿದ. ಕಡ್ಡಿಪೆಟ್ಟಿಗೆ ಇರಲಿಲ್ಲ. ಸೀದಾ ಬಗ್ಗಿದ... ಸಮಾಧಿಯ ಹಣತೆಗೆ ಬೀಡಿ ಹಚ್ಚಿಕೊಂಡ.

“ದೇವರಂತೆ! ದೇವರಾಗಿದ್ರೆ ಹಾರನ್ ಕೇಳಿ ಪಕ್ಕಕ್ಕೆ ಸರೀಬೇಕಾಗಿತ್ತಪ್ಪ,” ಅಂದ. ಅಲ್ಲಿ ಕೇಳುವವರು ಯಾರೂ ಇರಲಿಲ್ಲ.

ನಾಲ್ಕು ಹೆಜ್ಜೆ ಹೋಗಿರಬೇಕು. ಬೆನ್ನ ಹಿಂದೆ... ಫುಸ್ಸ್... ಅಂತ ಮೂಗಿನಿಂದ ಗಾಳಿ ಬಿಟ್ಟ ಸದ್ದು.

“ನಾಯಿ,” ಅಂದುಕೊಂಡ ರಾಜು. ನಾಯಿ ಹಾಗೆ ಉಸಿರು ಬಿಡುತ್ತದಾ? ನೀವೇ ಹೇಳಿ.

ಮನೆಯಲ್ಲಿ ಅವನ ಹೆಂಡತಿ ರೇಣುಕಮ್ಮ ಮುದ್ದೆ ಮುಚ್ಚಿಟ್ಟುಕೊಂಡು ಕೂತಿದ್ದಳು.

“ನಮ್ಮಣ್ಣ ಕಾಯ್ದು ಕಾಯ್ದು ಬಂದ್ನಂತೆ. ನೀವು ಅಂಗಡಿ ಬಿಟ್ಟು ಏಳ್ಲಿಲ್ವಂತೆ.”

“ಕರೆಂಟು ರಾತ್ರಿ ಕೊಟ್ರೆ ಕೆಲ್ಸ ಹಗಲು ಆಗುತ್ತೇನೇ?”

“ಅದ್ಕೇ ಅಣ್ಣ ಅಂದ... ಅಂಗಡಿ ಮುಚ್ಚಿ ಇಲ್ಲೇ ನಮ್ಮ ಕುರಿ ನೋಡ್ಕೊಂಡಿರ್ಲಿ ಅಂತ. ಈ ಕಾಲಲ್ಲಿ ಎಷ್ಟು ದಿನ ಅಂತ ಓಡಾಡ್ತೀರಿ?”

ರಾಜು ಮುದ್ದೆ ತಟ್ಟೆ ಪಕ್ಕಕ್ಕೆ ತಳ್ಳಿದ. ಹಿಂದೊಮ್ಮೆ ಕರೆಂಟಿನ ಕಂಬದಿಂದ ಬಿದ್ದು ಅವನ ಮೊಣಕಾಲು ಹೋಗಿತ್ತು. ಸೈಕಲ್ ತುಳಿಯಲೇಬೇಡ ಅಂದಿದ್ದರು ಡಾಕ್ಟರು. ಆಮೇಲಿಂದ ದಿನವೂ ಹೆಂಡತಿಯ ಅಣ್ಣ ಓಬಳೇಶನ ಟಿವಿಎಸ್ ಹಿಂದೆ ಕೂತು ಓಡಾಟ. ಹಳ್ಳಿಗಳಿಂದ ಸುಟ್ಟ ಮೋಟ್ರುಗಳನ್ನು ಹೇರಿಕೊಂಡು ಬರುತ್ತಿದ್ದವನೂ ಓಬಳೇಶನೇ. ಒಳ್ಳೇ ಮನುಷ್ಯ. ಆದರೆ ದಾರಿಯುದ್ದಕ್ಕೂ ದೇವರು, ದಿಂಡರು, ಹಿರಿಯರ ಮಾತು ಅಂತ ಉಪದೇಶ. ರಾಜು ಅವನ ಬೆನ್ನು ನೋಡಿಕೊಂಡು ಹಲ್ಲು ಕಡಿಯುತ್ತಿದ್ದ. ಈಗ ಅಂಗಡಿಯನ್ನೂ ಮುಚ್ಚಿ, ಅವನ ಕುರಿ ಹಿಂದೆ ಕೋಲು ಹಿಡಿದು ಹೋಗಬೇಕಾ? ಅದಕ್ಕಿಂತ ಆ ಬಾವಿಗೆ ಬೀಳೋದು ಮೇಲು ಅನ್ನಿಸಿತು ಅವನಿಗೆ. ಯಾರ ಹಂಗೂ ಇಲ್ಲದೆ ಅಂಗಡಿಗೆ ಹೋಗಬೇಕು, ಬರಬೇಕು. ಅಷ್ಟು ಆದರೆ ಅಂಗಡಿ ಉಳಿಯುತ್ತೆ, ಮಾನವೂ ಉಳಿಯುತ್ತೆ.

ಮಾರನೇ ದಿನ ಚಳ್ಳಕೆರೆಯ ಗುಜರಿಯಲ್ಲಿ ಎತ್ತಿಗೆ ಗುದ್ದಿದ ಅದೇ ಕಾರು ಬಿದ್ದಿತ್ತು. ರಾಜು ಅದರ ಬಾನೆಟ್ಟು ಎತ್ತಿ ನೋಡಿದ. ಎಂಜಿನ್ ಕಟ್ಟಿಕೊಂಡು ಅವನಿಗೇನು? ಅವನ ಕಣ್ಣು ಬಿದ್ದದ್ದು ಮುಂದೆ ಇರುವ ಫ್ಯಾನಿನ ಮೋಟ್ರಿನ ಮೇಲೆ. ಎಂಜಿನ್ ಬಿಸಿಯಾಗದಂತೆ ಗಾಳಿ ಹೊಡೆಯುತ್ತಲ್ಲ, ಅದು. ಬ್ಯಾಟರಿ ಕರೆಂಟಿನಲ್ಲಿ ಓಡುವಂಥದ್ದು, ಮುಷ್ಟಿಗಿಂತ ಸ್ವಲ್ಪ ದಪ್ಪ.

“ಆ ಗಾಡೀದು ಬ್ಯಾಡ ಭಾಯ್,” ಅಂದರು ಗುಜರಿಯವರು. “ಬಂದಾಗ್ನಿಂದ ಒಂದು ನಟ್ಟೂ ಯಾರೂ ಮುಟ್ಟಿಲ್ಲ.”

“ನಿಮಗೂ ತಲೆ ಕೆಟ್ಟೈತಾ ಭಾಯ್? ಕಬ್ಬಿಣಕ್ಕೆ ಯಾವ ದೇವ್ರು, ಯಾವ ದೆವ್ವ?”

ಫ್ಯಾನಿನ ರೆಕ್ಕೆಗೆ ಬಿಳೀ ಬಾಲದ ಕೂದಲು ಸುತ್ತಿಕೊಂಡಿತ್ತು. ರಾಜು ಇಕ್ಕಳದಲ್ಲಿ ಕಿತ್ತು, ಅಂಗೈ ಮೇಲಿಟ್ಟುಕೊಂಡು, ಉಫ್ ಅಂತ ಊದಿದ.

ಕೆಲಸಗಾರ ಅಂದರೆ ಕೆಲಸಗಾರ, ಅದನ್ನು ಒಪ್ಪಲೇಬೇಕು. ಮೋಟ್ರು ಬಿಚ್ಚಿ, ಒಳಗಿನ ತಂತಿ ಕಿತ್ತು, ದಪ್ಪ ತಂತಿ ಸುತ್ತಿದ. ಒಳಗೆ ಕರೆಂಟು ಮುಟ್ಟಿಸುವ ಕಾರ್ಬನ್ ಹೊಸದು ಹಾಕಿದ. ಫ್ಯಾನಿನ ಮೋಟ್ರಿಗೆ ಓಟ ಜಾಸ್ತಿ, ಶಕ್ತಿ ಕಮ್ಮಿ. ಅದಕ್ಕೆ ಅದರ ಮೂತಿಗೆ ಪುಟ್ಟ ಹಲ್ಲುಚಕ್ರ ಕೂರಿಸಿ, ಅಲ್ಲಿಂದ ದೊಡ್ಡ ಚಕ್ರಕ್ಕೆ ಚೈನು ಎಳೆದು, ಅಲ್ಲಿಂದ ಸೈಕಲ್ಲಿನ ಹಿಂದಿನ ಗಾಲಿಗೆ ಇನ್ನೊಂದು ಚೈನು ಎಳೆದ. ಓಟ ಇಳಿಯಿತು, ಶಕ್ತಿ ಬಂತು. ಕ್ಯಾರಿಯರ್ ಮೇಲೆ ಬ್ಯಾಟರಿ. ಹ್ಯಾಂಡಲಿಗೆ ಒಂದು ಗುಂಡಿ. ಒತ್ತಿದರೆ ಓಡಬೇಕು, ಬಿಟ್ಟರೆ ನಿಲ್ಲಬೇಕು.

ಓಡಿತು! ಗುಂಯ್... ಅಂತ ಸಣ್ಣ ಸದ್ದು ಮಾಡಿಕೊಂಡು ಪೆಡಲ್ ತುಳಿಯದೇ ಓಡಿತು. ಬ್ಯಾಟರಿಯ ಸೈಕಲ್ಲು ಆಗಿನ್ನೂ ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಹಟ್ಟಿಯವರೆಲ್ಲ ಬಾಯಿ ತೆರೆದು ನಿಂತರು. ರಾಜು ಓಬಳೇಶನ ಮನೆ ಮುಂದೆ ಬೇಕಂತಲೇ ಎರಡು ಸುತ್ತು ಹಾಕಿದ.

“ಭಾವ, ನಿನ್ನ ಟಿವಿಎಸ್ಸಿಗೆ ಪೆಟ್ರೋಲ್ ಕುಡಿಸ್ಬೇಕು. ನನ್ನದಕ್ಕೆ ಬಾಯೇ ಇಲ್ಲ ನೋಡು!”

ಓಬಳೇಶ ಮೋಟ್ರನ್ನೇ ನೋಡುತ್ತಿದ್ದ. “ರಾಜು, ಅದು ಯಾವ ಗಾಡೀದು?”

“ಗೊತ್ತಿದ್ದೂ ಯಾಕೆ ಕೇಳ್ತೀಯ?”

“ದೇವರೆತ್ತಿನ ರಕ್ತ ಕುಡ್ದಿರೋದು ಕಣಲೇ ಅದು.”

“ಕುಡ್ದಿದ್ರೆ ಕುಡ್ದಿರ್ಲಿ. ನಾನೇನು ಅದಕ್ಕೆ ಹೆಣ್ಣು ಕೊಡ್ಬೇಕಾ?”

ಆವತ್ತಿಂದ ಓಬಳೇಶ ಮಾತು ಬಿಟ್ಟ. ಸುಟ್ಟ ಮೋಟ್ರು ಹೇರುವುದನ್ನೂ ಬಿಟ್ಟ. ರಾಜುವಿಗೆ ಹಾಯೆನಿಸಿತು. ಹಾಳಾಗಿ ಹೋಗಲಿ, ಪೀಡೆ ತೊಲಗಿತು ಅಂದುಕೊಂಡ. ಪೀಡೆ ತೊಲಗಿತ್ತೋ ಗಂಟು ಬಿದ್ದಿತ್ತೋ, ಅದನ್ನೆಲ್ಲ ಯೋಚಿಸುವ ಆಸಾಮಿ ಅಲ್ಲ ಅವನು.

ಒಂದು ವಿಷಯ ಮಾತ್ರ ಅವನೂ ಗಮನಿಸಿದ್ದ. ಬಾವಿಯ ಆಚೆಗೆ ದೇವರ ಎತ್ತುಗಳ ರೊಪ್ಪ ಇತ್ತು, ಸುತ್ತಲೂ ಮುಳ್ಳುಬೇಲಿ. ರಾತ್ರಿ ಅವನ ಸೈಕಲ್ಲು ಗುಂಯ್ ಅನ್ನುತ್ತಾ ಹೋದರೆ ಮಲಗಿದ್ದ ದನಗಳು ಒಂದೊಂದಾಗಿ ಎದ್ದು ನಿಲ್ಲುತ್ತಿದ್ದವು. ಟಿವಿಎಸ್ ಹೋದರೆ ಏಳುತ್ತಿರಲಿಲ್ಲ. ಟ್ರ್ಯಾಕ್ಟರ್ ಹೋದರೂ ಏಳುತ್ತಿರಲಿಲ್ಲ. ಇವನು ಹೋದರೆ ಮಾತ್ರ ಎದ್ದು, ಕಿವಿ ನಿಗುರಿಸಿ, ಬೇಲಿಗೆ ಮುಖ ಮಾಡಿ... ಅಂಬಾ... ಅನ್ನುತ್ತಿದ್ದವು. ಕಳೆದುಹೋದ ದನ ತಿರುಗಿ ಬಂದಾಗ ಮಂದೆ ಕೂಗುವ ಹಾಗೆ.

ಒಂದು ರಾತ್ರಿ ಬೇಲಿಯ ಪಕ್ಕ ಕಂಬಳಿ ಹೊದ್ದು ಒಬ್ಬ ನಿಂತಿದ್ದ. ಆ ಎತ್ತುಗಳನ್ನು ಕಾಯುವ ಕಿಲಾರಿ ಕ್ಯಾತಪ್ಪ, ವಯಸ್ಸಾದವನು. ದನ ಬೆದರಬಾರದು ಅಂತ ರಾತ್ರಿ ಹೊತ್ತು ಪಿಸುಮಾತಲ್ಲೇ ಮಾತಾಡುವವನು.

“ನಿಲ್ಸಪ್ಪಾ.”

“ಏನಜ್ಜ?”

“ಅದು ಬಂದೈತೆ. ದನಕ್ಕೆ ಗೊತ್ತಾಗೈತೆ.”

“ನಿನ್ನ ದನಕ್ಕೆ ಹುಲ್ಲು ಹಾಕಜ್ಜ. ಹೊಟ್ಟೆ ಹಸ್ದು ಅರಚ್ತಾವೆ.”

ಕ್ಯಾತಪ್ಪ ಸಿಟ್ಟಾಗಲಿಲ್ಲ. ಹತ್ತಿರ ಬಂದು ಇನ್ನೂ ಸಣ್ಣ ದನಿಯಲ್ಲಿ ಅಂದ. “ನೀನು ಹತ್ತಿ ಕುಂತಿದ್ದನ್ನ ತಡ್ಕೊಂಡೈತೆ. ನೊಗ ಮಾತ್ರ ತೋರಿಸ್ಬ್ಯಾಡ. ನೊಗ ತಡ್ಕಳಲ್ಲ ಅದು.”

ರಾಜು ನಕ್ಕುಬಿಟ್ಟ. ಸೈಕಲ್ಲಿಗೆ ನೊಗ! ಮರುದಿನ ಅಂಗಡಿಯಲ್ಲಿ ಬಂದವರಿಗೆಲ್ಲ ಇದನ್ನೇ ಹೇಳಿ ನಗಿಸಿದ. ನಕ್ಕವರು ಚಳ್ಳಕೆರೆಯವರು. ಹಟ್ಟಿಯವರು ಯಾರೂ ನಗಲಿಲ್ಲ.

ಆದರೆ ನಗುವಿನಿಂದ ಅಂಗಡಿ ನಡೆಯುತ್ತದಾ? ಓಬಳೇಶ ಹೇರುವುದು ಬಿಟ್ಟ ಮೇಲೆ ಹಳ್ಳಿಗಳ ಮೋಟ್ರು ಬರುವುದು ನಿಂತಿತು. ಎತ್ತಲಾರದ ಆ ಕಬ್ಬಿಣದ ಗುಂಡನ್ನು ಯಾವ ರೈತ ಹೊತ್ತು ತರುತ್ತಾನೆ? ಹತ್ತಿರದ ಬೇರೆ ಅಂಗಡಿ ಹಿಡಿದರು. ರಾಜುವಿನ ಅಂಗಡಿ ಬಿಕೋ ಅನ್ನತೊಡಗಿತು. “ಅಣ್ಣನ್ನ ಒಂದು ಮಾತು ಕೇಳ್ರಿ. ನಿಮ್ಮ ನಾಲಿಗೆ ಸವದೋಗುತ್ತಾ?” ಅಂದಳು ರೇಣುಕಮ್ಮ. “ಅವನ ಕಾಲು ಹಿಡಿಯೋದಕ್ಕಿಂತ ಅಂಗಡಿಗೆ ಬೆಂಕಿ ಇಡ್ತೀನಿ,” ಅಂದ ರಾಜು. ಮೋಟ್ರು ಹೇರುವ ಗಾಡಿಯನ್ನು ತಾನೇ ಮಾಡುತ್ತೇನೆ ಅಂತ ಹೊರಟ.

ಎರಡು ಹಳೇ ಸೈಕಲ್ ಗಾಲಿ, ಮೇಲೊಂದು ಹಲಗೆ, ಎಳೆಯಲು ಎರಡು ಉದ್ದ ಕೋಲು. ಈ ಕೋಲುಗಳನ್ನು ಸೈಕಲ್ಲಿಗೆ ಸೇರಿಸಲು ಅಡ್ಡಕ್ಕೆ ಒಂದು ಗಟ್ಟಿ ಮರ ಬೇಕಾಯಿತು. ಕಬ್ಬಿಣದ ಪಟ್ಟಿ ಇರಲಿಲ್ಲವಾ? ಅಂಗಡಿ ತುಂಬ ಇತ್ತು. ಆದರೆ ಇವನು ಮನೆಯ ಹಿತ್ತಲಿಗೆ ಹೋಗಿ, ನಮ್ಮ ತಾತನ ಕಾಲದ ಗಾಡಿಯ ಮುರಿದ ನೊಗ ಎಳೆದು ತಂದ. ಜಾಲಿ ಮರದ್ದು, ಎತ್ತಿನ ಕತ್ತು ಉಜ್ಜಿ ಉಜ್ಜಿ ಕನ್ನಡಿಯಂತೆ ನಯವಾಗಿತ್ತು. ಅದನ್ನು ಅಳತೆಗೆ ಕುಯ್ದು, ಸೀಟಿನ ಕೆಳಗಿನ ಪೈಪಿಗೆ ಬೋಲ್ಟ್ ಹಾಕಿ ಬಿಗಿದ.

“ಅಜ್ಜನಿಗೆ ಹೇಳ್ರಪ್ಪ, ನೊಗ ತೋರ್ಸಿದೀನಿ ಅಂತ!” ಅಂದ. ಹಠ ನೋಡಿ. ವಿನಾಶಕಾಲೇ ವಿಪರೀತ ಬುದ್ಧಿ ಅಂತ ಸುಮ್ಮನೆ ಹೇಳಲಿಲ್ಲ ಹಿರಿಯರು.

ಗಾಡಿಯ ಮೊದಲನೇ ದಿನ. ನಮ್ಮ ಹಟ್ಟಿಯ ಬೊಮ್ಮಲಿಂಗಪ್ಪನವರ ಮೋಟ್ರು ಯಾರದೋ ಟ್ರ್ಯಾಕ್ಟರಿನಲ್ಲಿ ರಿಪೇರಿಗೆ ಬಂದಿತ್ತು. ಬೆಳಗಾದರೆ ಬಾವಿಗೆ ಇಳಿಸಬೇಕು, ಇಲ್ಲದಿದ್ದರೆ ಬೇರೆಯವರ ಹತ್ತಿರ ಹೋಗುತ್ತೇನೆ ಅಂದಿದ್ದರು. ಅವರೊಬ್ಬರು ಕೈ ಬಿಟ್ಟರೆ ಹಟ್ಟಿಯೇ ಕೈ ಬಿಟ್ಟ ಹಾಗೆ. ರಾಜು ಕತ್ತಲಾದ ಮೇಲೂ ಕೂತು ಕೆಲಸ ಮುಗಿಸಿ, ಮೋಟ್ರು ಗಾಡಿಗೆ ಹೇರಿ, ಹಗ್ಗ ಬಿಗಿದು ಹೊರಟ.

ಚಳ್ಳಕೆರೆ ದಾಟುವವರೆಗೆ ಏನೂ ಇಲ್ಲ. ಗುಂಯ್... ಗಾಡಿಯ ಗಾಲಿ ಕಿರ್ರ್ ಕಿರ್ರ್... ರಾಜು ಹಾಡು ಗುನುಗಿಕೊಂಡು ಬಂದ. ಕಾವಲು ಶುರುವಾಯಿತು. ಎರಡೂ ಕಡೆ ಬರೀ ಹುಲ್ಲು. ಒಂದು ದೀಪ ಇಲ್ಲ.

ಗುಂಯ್ ಅನ್ನುವುದು ನಿಧಾನಕ್ಕೆ ದಪ್ಪಗಾಯಿತು. ಹೂಂ... ಹೂಂ... ಬ್ಯಾಟರಿ ಇಳಿದಿದೆ ಅಂದುಕೊಂಡ. ಗುಂಡಿಯಿಂದ ಬೆರಳು ತೆಗೆದ. ನಿಲ್ಲಬೇಕಲ್ಲ?

ನಿಲ್ಲಲಿಲ್ಲ. ಎತ್ತು ನಡೆಯುವ ವೇಗದಲ್ಲಿ ಹೋಗುತ್ತಲೇ ಇತ್ತು. ಟಕ್... ಟಕ್... ಟಕ್... ಟಕ್... ಚೈನಿಗೆ ಆ ಸದ್ದು ಬರುವುದಿಲ್ಲ. ಗೊರಸಿಗೆ ಬರುತ್ತದೆ.

“ಗುಂಡಿ ಅಂಟ್ಕೊಂಡೈತೆ,” ಅಂದ ರಾಜು, ಗಟ್ಟಿಯಾಗಿ. ಕೈ ಹಿಂದಕ್ಕೆ ಚಾಚಿ ಬ್ಯಾಟರಿಯ ವೈರನ್ನು ಕಿತ್ತ. ಚಟ್ ಅಂತ ಕಿಡಿ ಹಾರಿತು.

ಟಕ್... ಟಕ್... ಟಕ್...

ಬ್ರೇಕು ಹಿಡಿದ. ಕೀಂಯ್... ಅಂತ ಅರಚಿತು. ಸೈಕಲ್ಲು ನಿಲ್ಲಲಿಲ್ಲ. ಬಾವಿಯ ಹತ್ತಿರ ಬಂತು. ಆಲದ ಕೆಳಗೆ ಬಂತು. ಆಗ ತಾನಾಗಿಯೇ ನಿಂತಿತು.

ರಾಜು ಇಳಿದ. ಇಳಿದದ್ದೇ ತಡ, ಸೈಕಲ್ಲು ಮಲಗಿತು. ಬಿತ್ತು ಅನ್ನುತ್ತಿಲ್ಲ, ಮಲಗಿತು ಅನ್ನುತ್ತಿದ್ದೇನೆ. ಮೊದಲು ಮುಂದಿನ ಗಾಲಿ ಮಡಿಸಿಕೊಂಡಿತು, ಆಮೇಲೆ ಹಿಂಭಾಗ ಮೆಲ್ಲಗೆ ಇಳಿಯಿತು. ದನ ಹೇಗೆ ಮಲಗುತ್ತದೋ ಹಾಗೆ. ಹೆಗಲು ಕೊಡದ ಎತ್ತನ್ನು ನೀವು ನೋಡಿದ್ದೀರಾ? ನೊಗ ಇಟ್ಟ ಕೂಡಲೇ ಮಲಗಿಬಿಡುತ್ತೆ, ಬಾಲ ಮುರಿದರೂ ಏಳುವುದಿಲ್ಲ.

ರಾಜು ಸೈಕಲ್ಲಿನ ಮೋಟ್ರಿನ ಮೇಲೆ ಅಂಗೈ ಇಟ್ಟ. ಬೆಚ್ಚಗಿತ್ತು. ಓಡಿದ ಮೋಟ್ರು ಬೆಚ್ಚಗಿರದೆ ಇನ್ನೇನು? ಆದರೆ ಅಂಗೈ ಕೆಳಗೆ ಅದು... ಏರುತ್ತಿತ್ತು... ಇಳಿಯುತ್ತಿತ್ತು... ಏರುತ್ತಿತ್ತು...

ಸರಕ್ಕನೆ ಕೈ ತೆಗೆದ. ಬುದ್ಧಿ ಇದ್ದವನಾದರೆ ಅಲ್ಲೇ ಅಡ್ಡಬಿದ್ದು ತಪ್ಪಾಯಿತು ಅನ್ನುತ್ತಿದ್ದ. ಇವನು ಮರದಿಂದ ಒಂದು ಕೋಲು ಮುರಿದುಕೊಂಡ.

“ಏಳಲೇ! ಏಳ್ತೀಯೋ ಇಲ್ಲೋ? ನಿನ್ನಂಥವು ನೂರು ಬಿಚ್ಚಿ ಎಸ್ದಿದೀನಿ!”

ಮೋಟ್ರಿನ ಮೇಲೆ ಒಂದು ಏಟು. ಠಣ್. ಇನ್ನೊಂದು. ಠಣ್.

ಮೂರನೆಯದು... ಧಪ್.

ತಗಡಿನ ಸದ್ದಲ್ಲ. ತೊಗಲಿನ ಸದ್ದು.

ರೊಪ್ಪದ ಕಡೆಯಿಂದ ಕ್ಯಾತಪ್ಪ ಬಂದು ನಿಂತಿದ್ದ.

“ಹೊಡೀಬ್ಯಾಡಪ್ಪಾ. ನೊಗ ಬಿಚ್ಚು.”

“ಬಿಚ್ಚಲ್ಲ.”

“ಕೈ ಮುಗಿತೀನಿ. ಬಿಚ್ಚು. ಓಬಳೇಶನ್ನ ಕರೀತೀನಿ, ಟಿವಿಎಸ್ಸಲ್ಲಿ ಹೇರ್ಕೊಂಡು ಹೋಗ್ತಾನೆ.”

ಆ ಹೆಸರು ಕೇಳಿದ್ದೇ ರಾಜುವಿಗೆ ಮೈ ಉರಿದುಹೋಯಿತು. “ಅವನು ಮುಟ್ಟಬಾರ್ದು! ಯಾವ ನನ್ಮಗನ ಹಂಗೂ ಬ್ಯಾಡ ನಂಗೆ. ಇದು ಎಳೀದಿದ್ರೆ ನಾನೇ ಎಳೀತೀನಿ! ನನ್ನ ಹೊರೆ, ನನ್ನ ಹೆಗಲು!”

ಗಾಳಿ ನಿಂತಿತು. ರೊಪ್ಪದ ದನಗಳೆಲ್ಲ ಎದ್ದು ನಿಂತಿದ್ದವಂತೆ, ಒಂದೂ ಕೂಗಲಿಲ್ಲವಂತೆ. ಮಲಗಿದ್ದ ಸೈಕಲ್ಲಿನಿಂದ... ಫುಸ್ಸ್... ಅಂತ ಒಂದು ದೊಡ್ಡ ಉಸಿರು ಹೊರಗೆ ಬಂತು. ಅಷ್ಟೇ. ಮತ್ತೆ ಬರಲಿಲ್ಲ.

ನೊಗದ ಬೋಲ್ಟು ಬಿಚ್ಚಿ, ನೊಗದ ಸಮೇತ ಗಾಡಿಯನ್ನು ಸೈಕಲ್ಲಿನಿಂದ ಬಿಡಿಸಿ, ಕೋಲುಗಳನ್ನು ಎರಡು ಕೈಯಲ್ಲಿ ಹಿಡಿದುಕೊಂಡದ್ದು ರಾಜುವಿಗೆ ನೆನಪಿದೆ. ಕೈಯಲ್ಲಿ ಹಿಡಿದೆ, ಕೈಯಲ್ಲೇ ಹಿಡಿದೆ ಅಂತ ಈಗಲೂ ಹೇಳುತ್ತಾನೆ. ಅದರ ಮುಂದಿನದು ಅವನಿಗೆ ಗೊತ್ತಿಲ್ಲ.

ಕ್ಯಾತಪ್ಪ ಓಡಿಹೋಗಿ ಓಬಳೇಶನನ್ನು ಎಬ್ಬಿಸಿದ. ಇಬ್ಬರೂ ಟಿವಿಎಸ್ಸಿನಲ್ಲಿ ಬಾವಿಯ ಹತ್ತಿರ ಬಂದಾಗ ಸೈಕಲ್ಲು ಒಂದೇ ಬಿದ್ದಿತ್ತು. ದಾರಿಯಲ್ಲಿ ಯಾರೂ ಎದುರಾಗಿರಲಿಲ್ಲ. ಇರುವುದು ಅದೊಂದೇ ದಾರಿ. ರಾತ್ರಿಯೆಲ್ಲ ಟಾರ್ಚ್ ಹಿಡಿದು ಕಾವಲು ಸುತ್ತಿದರು. ಬಾವಿಗೂ ಬೆಳಕು ಬಿಟ್ಟು ನೋಡಿದರು.

ಬೆಳಗಿನ ಜಾವ ಅಂಗಳಕ್ಕೆ ನೀರು ಹಾಕಲು ಬಂದ ರೇಣುಕಮ್ಮ ಕಿಟಾರನೆ ಕಿರುಚಿದಳು. ಬಾಗಿಲ ಮುಂದೆ ರಾಜು ನಿಂತಿದ್ದ. ಹಿಂದೆ ಗಾಡಿ, ಗಾಡಿಯಲ್ಲಿ ಬೊಮ್ಮಲಿಂಗಪ್ಪನವರ ಮೋಟ್ರು. ನೊಗ ಅವನ ಕತ್ತಿನ ಮೇಲಿತ್ತು. ಕಣ್ಣು ತೆರೆದೇ ಇತ್ತು, ನೋಟ ಇರಲಿಲ್ಲ. ಬಾಯಲ್ಲಿ ಏನೂ ಇಲ್ಲ, ದವಡೆ ಮಾತ್ರ ಆಡುತ್ತಿತ್ತು. ಎಡಕ್ಕೆ, ಬಲಕ್ಕೆ... ಎಡಕ್ಕೆ, ಬಲಕ್ಕೆ... ಊರನ್ನೆಲ್ಲ ಆಡಿಕೊಂಡಿದ್ದ ಬಾಯಿ ಮೆಲುಕು ಹಾಕುತ್ತಿತ್ತು.

ಓಬಳೇಶನೇ ಬಂದು ನೊಗ ಇಳಿಸಿದ. ಇಳಿಸಿದ ಕೂಡಲೇ ರಾಜು ಕುಸಿದ. ಪೆಡಲ್ ಒತ್ತಲಾರದ ಕಾಲು ಆ ಹೊರೆಯನ್ನು ಅಷ್ಟು ದೂರ ಹೇಗೆ ಎಳೆದು ತಂತು ಅಂತ ಡಾಕ್ಟರನ್ನು ಕೇಳಿದೆವು. ಅವರು ನಮ್ಮನ್ನೇ ಮೇಲಿಂದ ಕೆಳಗೆ ನೋಡಿದರು.

ಸೈಕಲ್ಲಿನ ಮೋಟ್ರನ್ನು ಕ್ಯಾತಪ್ಪ ಬಿಚ್ಚಿಸಿ, ಅರಿಶಿನ ಹಚ್ಚಿ, ಆಲದ ಬುಡದಲ್ಲಿ ಎತ್ತಿನ ಪಕ್ಕಕ್ಕೇ ಮಣ್ಣು ಮಾಡಿದ. ಅಂಗಡಿ ಈಗಲೂ ಇದೆ. ದಿನಾ ಬೆಳಿಗ್ಗೆ ಓಬಳೇಶ ಟಿವಿಎಸ್ ತಂದು ನಿಲ್ಲಿಸುತ್ತಾನೆ, ರಾಜು ಹಿಂದೆ ಕೂರುತ್ತಾನೆ. ಹತ್ತು ಅಂದರೆ ಹತ್ತುತ್ತಾನೆ, ಇಳಿ ಅಂದರೆ ಇಳಿಯುತ್ತಾನೆ. ಪಾಪ ಅನ್ನಬೇಕು, ನನಗೆ ಬಾಯಿ ಬರುವುದಿಲ್ಲ.

ಇಷ್ಟು ಕೇಳಿ ನಿಮ್ಮಂಥವರು, ಹುಚ್ಚು ಹಠಕ್ಕೆ ಅವನೇ ಎಳೆದುಕೊಂಡು ಬಂದಿರಬೇಕು ಅನ್ನುತ್ತೀರಿ. ಅನ್ನಿ. ಆದರೆ ಆ ಬೆಳಿಗ್ಗೆ ಅವನಿಗೆ ಎಣ್ಣೆ ನೀವಲು ಕೂತ ರೇಣುಕಮ್ಮನ ಕೈ ಕತ್ತಿನ ಹಿಂದೆ ಬಂದು ನಿಂತುಬಿಟ್ಟಿತು. ಒಂದು ರಾತ್ರಿ ನೊಗ ಉಜ್ಜಿದರೆ ಏನಾಗಬೇಕು? ತೊಗಲು ಸುಲಿಯಬೇಕು, ರಕ್ತ ಬರಬೇಕು, ಬಾತುಕೊಳ್ಳಬೇಕು. ಅಲ್ಲಿ ಗಾಯವೇ ಇರಲಿಲ್ಲ. ಇದ್ದದ್ದು ಜಡ್ಡು. ಕೂದಲು ಉದುರಿ, ಕಪ್ಪಗಾಗಿ, ಕಲ್ಲಿನಂತೆ ಗಟ್ಟಿಯಾದ ಜಡ್ಡು... ವರ್ಷಗಟ್ಟಲೆ ನೊಗ ಹೊತ್ತ ಮುದಿ ಎತ್ತಿನ ಹೆಗಲಿಗೆ ಇರುತ್ತದಲ್ಲ, ಅದು. ನಾನು ಕೈಯಿಟ್ಟು ಮುಟ್ಟಿದ್ದೇನೆ. ಈಗಲೂ ಇದೆ. ಬೇಸಿಗೆಯಲ್ಲೂ ಕತ್ತಿಗೆ ಟವೆಲ್ಲು ಸುತ್ತಿಕೊಂಡೇ ಕೂತಿರುತ್ತಾನೆ, ಹೋಗಿ ನೋಡಿ.